ಆ ಹೆಂಗಸಿಗಾಗಿ ನಲವತ್ತು ದಿನ

ಅಡುಗೆಮನೆಯ ಮೇಜಿನಿಂದ,
ಮಾರ್ಚ್ 11, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮಗಳೇ, ನನ್ನ ಚಿನಕುರಳೀ,

ಹೇಗಿದ್ದೀಯಮ್ಮಾ? ಕೆಮ್ಮು ನಿಂತಿತೇ? ಮೊನ್ನೆ ಫೋನ್ ಮಾಡಿದಾಗ ನಿನ್ನ ರೂಮಿನ ಗೆಳತಿ ಎತ್ತಿ, ಅವಳಿಗೆ ಕೆಮ್ಮು ಆಂಟಿ, ಮಲಗಿದಾಳೆ ಅಂದಳು. ನೀನು ಮಲಗಿರಲಿಲ್ಲ, ಪಕ್ಕದಲ್ಲೇ ಕೂತು ಬೇಡ ಬೇಡ ಎಂದು ಕೈ ಅಲ್ಲಾಡಿಸುತ್ತಿದ್ದೆ ಎಂದು ನನಗೆ ಗೊತ್ತು. ಕೆಮ್ಮು ಮಾತ್ರ ನಿಜ, ನನಗೇ ಕೇಳಿಸಿತು. ಬಿಸಿನೀರು ಕುಡಿ. ಆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ತಣ್ಣನೆ ಗಾಳಿಯ ಮೆಷಿನ್ನಿನ ಕೆಳಗೇ ಕೂರುತ್ತೀಯಂತೆ, ಕುತ್ತಿಗೆಗೆ ಏನಾದರೂ ಸುತ್ತಿಕೋ. ನೋಡು, ಬುದ್ಧಿ ಹೇಳುವುದು ಶುರುವಾಗಿಬಿಟ್ಟಿತು. ಬೇಡ. ಮೊದಲು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ, ನೀನು ನಿರಾಳವಾಗಿ ಮುಂದಕ್ಕೆ ಓದು. ಮುಂದಿನ ವಾರ ಗುರುವಾರ ನಾನು ಬರುತ್ತಿಲ್ಲ. ಮೂವರು ಹೆಂಗಸರು ಬಂದು, ನಿನ್ನ ರೂಮಿನ ಬಾಗಿಲಲ್ಲಿ ನಿಂತು ಪ್ರಾರ್ಥಿಸಿ, ನಿನ್ನನ್ನು ಹಿಡಿದಿರುವ ಶಕ್ತಿಯನ್ನು ಮುರಿದು ಮನೆಗೆ ಕರೆತರುತ್ತೇವೆ ಎಂದು ಹೋದ ವಾರ ಬರೆದಿದ್ದೆನಲ್ಲ, ಆ ಕಾಗದವನ್ನು ಹರಿದು ಹಾಕು. ಬಸ್ಸಿನ ಟಿಕೆಟ್ಟು ರದ್ದಾಯಿತು. ನೀನು ರೂಮಿಗೆ ಬೀಗ ಹಾಕಿಕೊಂಡು ಎಲ್ಲಿಗೂ ಓಡಿಹೋಗಬೇಕಾಗಿಲ್ಲ.

ಯಾಕೆ ಎಂದು ಹೇಳಲೆಂದೇ ಕೂತಿದ್ದೇನೆ. ಶನಿವಾರದಿಂದ ನನಗೆ ಕೈಕಾಲು ಆಡುತ್ತಿಲ್ಲ. ಹೇಗೆ ಬರೆಯಲಿ ಎಂದು ಮೂರು ಹಾಳೆ ಹಾಳು ಮಾಡಿದೆ. ನಮ್ಮ ಶನಿವಾರದ ಪ್ರಾರ್ಥನಾ ಕೂಟಕ್ಕೆ ನೀನು ಬಂದವಳಲ್ಲ, ಅಲ್ಲಿನ ಕ್ರಮ ನಿನಗೆ ಗೊತ್ತಿರಲಿಕ್ಕಿಲ್ಲ. ಪಾಸ್ಟರಮ್ಮನ ಮನೆಯ ಜಗುಲಿಯಲ್ಲಿ ಒಂದು ಬಿಸ್ಕತ್ತಿನ ಡಬ್ಬ ಇದೆ, ಅಷ್ಟು ನಿನಗೂ ಗೊತ್ತು. ಸಭೆಯವರು ಯಾರು ಬೇಕಾದರೂ ತಮ್ಮ ಕಷ್ಟವನ್ನು ಬರೆದು ಅದರಲ್ಲಿ ಹಾಕಬಹುದು. ಪಾಸ್ಟರಮ್ಮ ಒಬ್ಬರೇ ಅವನ್ನು ಓದುತ್ತಾರೆ. ಆಮೇಲೆ ಹೆಸರು, ಊರು, ಗುರುತು ಎಲ್ಲ ತೆಗೆದು, ತಮ್ಮದೇ ದುಂಡು ಅಕ್ಷರದಲ್ಲಿ ಬೇರೆ ಚೀಟಿಯಲ್ಲಿ ಬರೆದು ಮಡಚಿ ಇಡುತ್ತಾರೆ. ಹೆಂಗಸರ ಬಾಯಿಗೆ ಸುದ್ದಿ ಸಿಗಬಾರದು, ದೇವರ ಕಿವಿಗೆ ಮಾತ್ರ ಸಿಗಬೇಕು ಎಂದು ಅವರ ಹಟ. ನಾವು ಏಳು ಜನ ಕಣ್ಣು ಮುಚ್ಚಿ ಒಂದೊಂದು ಎತ್ತಿಕೊಳ್ಳುತ್ತೇವೆ. ನಲವತ್ತು ದಿನ ಆ ಚೀಟಿಗಾಗಿ ಟೊಂಕ ಕಟ್ಟಿ ಹೋರಾಡಬೇಕು. ಯಾರದ್ದು ಎಂದು ಕೇಳುವ ಹಾಗಿಲ್ಲ. ಕೇಳಿದವಳನ್ನು ಕೂಟದಿಂದ ಬಿಡಿಸುತ್ತಾರೆ.

ಹೋದ ವರ್ಷ ಜುಲೈಯಲ್ಲಿ ನಾನು ಎತ್ತಿದ ಚೀಟಿ ಹೀಗಿತ್ತು: ಒಬ್ಬ ಹೆಂಗಸಿಗಾಗಿ. ಅವಳು ಕೈ ಎತ್ತುವುದಿಲ್ಲ, ಕೆಟ್ಟ ಮಾತು ಆಡುವುದಿಲ್ಲ. ಆದರೆ ಅವಳು ಮನೆಯೊಳಗೆ ಕಾಲಿಟ್ಟರೆ ಎಲ್ಲರಿಗೂ ಉಸಿರು ಕಟ್ಟುತ್ತದೆ. ಮಗಳು ದಿನದಿನಕ್ಕೆ ಬಾಡುತ್ತಿದ್ದಾಳೆ. ಮಗಳಿಗೆ ಬಿಡುಗಡೆಯಾಗಲಿ. ಇಷ್ಟೇ. ಎಂಥ ಹೆಂಗಸು ಇರಬೇಕು ಇವಳು, ಹೆತ್ತ ಮಗಳನ್ನು ಹೀಗೆ ಹಿಂಡುವವಳು ಎಂದುಕೊಂಡೆ. ಅವಳ ಒಳಗೆ ಕೂತಿರುವ ದುರಾತ್ಮವನ್ನು ಕಾಲಡಿ ಹಾಕದೆ ಬಿಡುವುದಿಲ್ಲ ಎಂದು ಅಲ್ಲೇ ಜಗುಲಿಯಲ್ಲಿ ಮಾತು ಕೊಟ್ಟೆ. ನಾನು ಪ್ರಾರ್ಥನೆಗೆ ಕೂತರೆ ಹೇಗೆ ಎಂದು ನಿನಗೆ ಹೇಳಬೇಕಾಗಿಲ್ಲ. ಮನೆಯಲ್ಲಿ ಬೆಳಗಿನ ಹೊತ್ತು ಒಂದು ಗಂಟೆ. ಕೆಲಸದ ಜಾಗದಲ್ಲಿ ಹಲ್ಲಿನ ಅಚ್ಚಿನ ಪ್ಲಾಸ್ಟರ್ ಗಟ್ಟಿಯಾಗುವವರೆಗಿನ ಮುಕ್ಕಾಲು ಗಂಟೆ. ಬೇರೆಯವರು ಆ ಹೊತ್ತಿನಲ್ಲಿ ಟೀ ಕುಡಿಯುತ್ತಾರೆ, ನಾನು ಮೇಣದ ಡಬ್ಬಗಳಿರುವ ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಓಡಾಡುತ್ತಾ ಗದರಿಸುತ್ತಿದ್ದೆ. ಬಿಟ್ಟು ಹೋಗು, ಈಗಲೇ ಬಿಟ್ಟು ಹೋಗು ಎಂದು ಒಂದು ದಿನ ಎಷ್ಟು ಜೋರಾಗಿ ಹೇಳಿದೆನೆಂದರೆ, ಹೊರಗೆ ಹಲ್ಲಿನ ಸೆಟ್ಟುಗಳಿಗೆ ಪಾಲಿಶ್ ಹಾಕುವವನು ತನಗೇ ಹೇಳಿದ್ದು ಅಂದುಕೊಂಡು ಚೀಲ ಎತ್ತಿಕೊಂಡು ಮನೆಗೆ ಹೋಗಿಬಿಟ್ಟ. ಮಾರನೆಯ ದಿನ ಅವನನ್ನು ಸಮಾಧಾನ ಮಾಡಲು ಯಜಮಾನರಿಗೆ ಸಾಕುಸಾಕಾಯಿತು.

ನಾನು ದೇವರನ್ನು ಕೇಳಿದ್ದು ಏನೇನು ಎಂದು ನಿನಗೆ ತಿಳಿಯಬೇಕು. ಸ್ವಾಮೀ, ಆ ಹುಡುಗಿಯನ್ನು ಆ ಮನೆಯಿಂದ ಹೊರಗೆ ಎಳೆದುಕೋ ಎಂದು ಕೇಳಿದೆ. ಅವಳು ಬಾಗಿಲು ದಾಟುವಾಗ ಯಾರೂ ತಡೆಯದ ಹಾಗೆ ಮಾಡು ಎಂದೆ. ಆ ಹೆಂಗಸಿಗೆ ತಾನು ಯಾರು ಎಂದು ತಿಳಿಯುವವರೆಗೆ ನಿದ್ದೆ ಕೊಡಬೇಡ, ಅವಳ ದನಿಯನ್ನು ಕಿತ್ತುಕೋ ಎಂದೂ ಕೇಳಿದೆ. ಇದನ್ನೆಲ್ಲ ಕಣ್ಣೀರು ಹಾಕಿಕೊಂಡೇ ಕೇಳಿದೆ ಮಗಳೇ, ಯಾರೋ ಪರರ ಮಗಳಿಗಾಗಿ. ಆಗಸ್ಟ್ ಎಂಟಕ್ಕೆ ನೀನು ಸೂಟ್‌ಕೇಸ್ ಹಿಡಿದು ಹೊರಟೆ. ನಾನು ಮನೆಯಲ್ಲೇ ಇದ್ದೆ, ಆದರೆ ಅದೇನೋ ಕಾಲು ಎತ್ತಿಟ್ಟು ಬಾಗಿಲಿಗೆ ಬರಲು ಆಗಲಿಲ್ಲ. ಆಮೇಲೆ ಅದನ್ನೂ ಸೈತಾನನ ಕೆಲಸ ಎಂದೇ ಬರೆದುಕೊಂಡೆ.

ಆ ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರಮ್ಮ ನನ್ನ ಹತ್ತಿರ ಬಂದು, ನಿಮ್ಮ ಚೀಟಿಯ ಹುಡುಗಿಗೆ ಬಿಡುಗಡೆ ಆಯ್ತಂತೆ, ಅಷ್ಟು ಮಾತ್ರ ಹೇಳ್ಬೇಕು ಅಂತ ಬಂದೆ ಅಂದರು. ನನಗೆ ಎಲ್ಲವೂ ಒಟ್ಟಿಗೆ ಹೊಳೆದ ಹಾಗಾಯಿತು. ನಾನು ಶತ್ರುವಿನ ಕೈಯಿಂದ ಒಬ್ಬಳನ್ನು ಬಿಡಿಸಿದೆ, ಅವನು ಸಿಟ್ಟಿಗೆದ್ದು ನನ್ನ ಮನೆಗೇ ನುಗ್ಗಿದ. ಮುಂದಿನ ವಾರ ಸಾಕ್ಷಿಯ ಸಮಯದಲ್ಲಿ ಎದ್ದು ನಿಂತು ಹಾಗೇ ಹೇಳಿದೆ. ಯಾರದೋ ಮಗಳಿಗಾಗಿ ಹೋರಾಡಿ ಗೆದ್ದೆ, ಅದಕ್ಕೆ ಬೆಲೆಯಾಗಿ ನನ್ನ ಮಗಳನ್ನು ಕಳೆದುಕೊಂಡೆ, ಆದರೂ ಕರ್ತನಿಗೆ ಸ್ತೋತ್ರ ಎಂದೆ. ಇಡೀ ಸಭೆ ಅತ್ತಿತು. ಆಮೆನ್ ಎಂಬ ಸದ್ದಿಗೆ ಕಿಟಕಿಯ ಗಾಜು ಅದುರಿತು ಎಂದರೆ ಸುಳ್ಳಲ್ಲ. ಪಾಸ್ಟರಮ್ಮ ಮಾತ್ರ ನೆಲ ನೋಡುತ್ತಾ ಕೂತಿದ್ದರು. ನಿಮ್ಮಪ್ಪ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಪಾಪ, ನಿನ್ನ ನೆನಪಾಗಿದೆ ಅಂದುಕೊಂಡೆ.

ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ನಾನು ಬಿಡುವವಳೇ? ಹುಡುಗಿ ಹೊರಬಂದಳು, ಆ ಹೆಂಗಸು ಹಾಗೇ ಇದ್ದಾಳಲ್ಲ ಎಂದು ಅದೇ ಚೀಟಿಯನ್ನು ಮತ್ತೆ ನಲವತ್ತು ದಿನಕ್ಕೆ, ಮತ್ತೆ ನಲವತ್ತಕ್ಕೆ ಮುಂದುವರಿಸುತ್ತಲೇ ಬಂದೆ. ಅಕ್ಟೋಬರಿನಿಂದ ನನಗೆ ನಿದ್ದೆ ಹೋಯಿತು. ಡಿಸೆಂಬರಿನಲ್ಲಿ ದನಿ ಹೋಯಿತು. ಮೂರು ವಾರ ಒಂದು ಅಕ್ಷರ ಹೊರಡಲಿಲ್ಲ, ಡಾಕ್ಟರು ಪ್ಲಾಸ್ಟರ್ ಧೂಳು ಅಂದರು. ನಾನು ನಂಬಲಿಲ್ಲ, ಇದೂ ಶತ್ರುವಿನ ಬಾಣ ಎಂದು ಸನ್ನೆಯಲ್ಲೇ ಎಲ್ಲರಿಗೂ ತಿಳಿಸಿದೆ. ಇನ್ನೊಂದು ಕಥೆ ಕೇಳು. ಆ ಹೆಂಗಸು ಯಾರು ಎಂದು ನನ್ನ ಮನಸ್ಸಿನಲ್ಲೇ ತೀರ್ಮಾನವಾಗಿತ್ತು. ಸಭೆಯಲ್ಲಿ ಕೀಬೋರ್ಡ್ ನುಡಿಸುವವಳು. ಮುಖ ಸದಾ ಗಂಟು ಹಾಕಿಕೊಂಡಿರುತ್ತಾಳೆ, ಮಗಳು ಬೇರೆ ಊರಿನಲ್ಲಿ ಓದುತ್ತಾಳೆ, ಸಾಕಲ್ಲ. ಪ್ರತಿ ಭಾನುವಾರ ಅವಳ ಹೆಗಲ ಮೇಲೆ ಕೈ ಇಟ್ಟು, ಮುಖದಲ್ಲಿ ನಗು, ಒಳಗೊಳಗೆ ಹೊರಟು ಹೋಗು ಎಂದು ಗದರಿಸುತ್ತಿದ್ದೆ. ನನ್ನ ದನಿ ಹೋಗುವುದಕ್ಕೆ ಮುಂಚಿನ ಒಂದು ಭಾನುವಾರ ಅವಳು ನನ್ನ ಕೈ ಹಿಡಿದುಕೊಂಡು, ನಮ್ಮನೆಯವರು ಹೋದ ಮೇಲೆ ನನ್ನ ಮೈ ಮುಟ್ಟಿ ಮಾತಾಡ್ಸೋರು ನೀವೊಬ್ರೇ ಕಣ್ರೀ ಅಂದಳು. ಆಗಲಾದರೂ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಪ್ರಾರ್ಥನೆ ಕೆಲಸ ಮಾಡುತ್ತಿದೆ, ಮೆತ್ತಗಾಗುತ್ತಿದ್ದಾಳೆ ಅಂದುಕೊಂಡೆ.

ಈಗ ಶನಿವಾರಕ್ಕೆ ಬರುತ್ತೇನೆ. ನಿನ್ನ ಊರಿಗೆ ಹೊರಡುವ ಮುಂಚೆ ಆ ಹೆಂಗಸಿನ ಲೆಕ್ಕ ಮುಗಿಸಿಬಿಡೋಣ ಎಂದು ಪಾಸ್ಟರಮ್ಮನ ಅಡುಗೆಮನೆಗೆ ಹೋದೆ. ಅವರು ಲೋಟ ತೊಳೆಯುತ್ತಿದ್ದರು. ಹೆಸರು ಬೇಡ, ಏನ್ ಕೆಲಸ ಮಾಡ್ತಾಳೆ ಅಷ್ಟು ಹೇಳಿ ಸಾಕು ಎಂದು ಕೇಳಿದೆ. ಕೆಲಸ ಗೊತ್ತಾದರೆ ಪ್ರಾರ್ಥನೆಗೆ ಗುರಿ ಸಿಗುತ್ತದೆ, ಎಂಟು ತಿಂಗಳಿಂದ ಗಾಳಿ ಗುದ್ದುತ್ತಿದ್ದೇನೆ ಎಂದು ವಾದ ಮಾಡಿದೆ. ಅವರು ತೊಳೆದ ಲೋಟವನ್ನೇ ಮತ್ತೆ ತೊಳೆದರು. ಕೂಟದಿಂದ ತೆಗೀತೀರಾ, ತೆಗೀರಿ, ಆದ್ರೆ ಹೇಳಿ ಎಂದೆ. ಆಗ ಅವರು ನಲ್ಲಿ ನಿಲ್ಲಿಸಿ, ನನ್ನ ಕಡೆ ತಿರುಗದೆ, ಹಲ್ಲಿನ ಸೆಟ್ ಮಾಡ್ತಾಳೆ ಅಂದರು.

ನಾನು ಏನು ಮಾಡಿದೆ ಗೊತ್ತೇ ಮಗಳೇ? ಅರೆ, ನಮ್ಮ ಸಭೆಯಲ್ಲಿ ಹಲ್ಲಿನ ಸೆಟ್ ಮಾಡುವ ಇನ್ನೊಬ್ಬಳು ಇದ್ದಾಳೆ, ನನಗೇ ಗೊತ್ತಿಲ್ಲವಲ್ಲ ಎಂದು ಯೋಚಿಸಿದೆ. ದೇವರಾಣೆಗೂ. ಯಾವ ಲ್ಯಾಬಿನಲ್ಲಿ ಎಂದು ಕೇಳಲು ಬಾಯಿ ಕೂಡ ತೆರೆದೆ. ಆಗ ಪಾಸ್ಟರಮ್ಮ ತಿರುಗಿದರು. ಅವರ ಮುಖ ನೋಡಿದ ಮೇಲೆ ಕೇಳಬೇಕಾದದ್ದು ಏನೂ ಉಳಿಯಲಿಲ್ಲ. ಕುರ್ಚಿ ಎಳೆದುಕೊಂಡೆನೋ, ಅವರೇ ಎಳೆದುಕೊಟ್ಟರೋ ನೆನಪಿಲ್ಲ. ಚೀಟಿ ನಿಮ್ಮ ಕೈಗೇ ಬಂತಲ್ಲ, ಕಿತ್ಕೊಳ್ಳೋಣ ಅಂತ ಎದ್ದೆ, ಆಗಲಿಲ್ಲ ಅಂದರು. ದೇವರೇ ಕೊಟ್ಟಿರಬಹುದು ಎಂದು ಬಿಟ್ಟರಂತೆ. ನಾನು ಬರೆದದ್ದು ಒಬ್ಬ ಹೆಂಗಸಿಗಾಗಿ ಅಂತ, ನೀವು ಅವಳ ವಿರುದ್ಧ ಅಂತ ತಗೊಂಡ್ರಿ ಎಂದೂ ಹೇಳಿದರು. ಅದು ಬೈಗುಳವಾಗಿರಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಹೇಳುತ್ತಿದ್ದೆ.

ಸುಮ್ಮನೆ ಒಪ್ಪಿಕೊಂಡೆ ಅಂದುಕೊಳ್ಳಬೇಡ. ನಾನೇನು ಮಾಡಿದೆ, ಒಂದು ಏಟು ಹಾಕಿದವಳಲ್ಲ, ದಿನಾ ಮಗಳ ತಲೆ ಮೇಲೆ ಕೈ ಇಟ್ಟು ಪ್ರಾರ್ಥಿಸಿದವಳು ಎಂದು ಜಗಳಕ್ಕೇ ನಿಂತೆ. ಅದೇ ಎಂದರು ಪಾಸ್ಟರಮ್ಮ. ಊಟಕ್ಕೆ ಮುಂಚಿನ ಪ್ರಾರ್ಥನೆ ಎಂದರು. ನಿನ್ನನ್ನು ನೋಡಲು ಬಂದ ಗಂಡಿನವರು ಬೇಡವೆಂದು ಹೇಳಿ ಕಳುಹಿಸಿದ ವಾರ, ನಮ್ಮ ಮನೆಯ ಊಟಕ್ಕೆ ಅವರೂ ಪಾಸ್ಟರೂ ಬಂದಿದ್ದರಲ್ಲ. ಆ ದಿನ ನಾನು ತಟ್ಟೆಗಳ ಮುಂದೆ ಎಲ್ಲರ ಕಣ್ಣು ಮುಚ್ಚಿಸಿ, ಕರ್ತನೇ, ಈ ಸಂಬಂಧ ತಪ್ಪಿಹೋದದ್ದು ತನ್ನ ಅಹಂಕಾರದಿಂದ, ತನ್ನ ಸಿಡುಕು ಮೋರೆಯಿಂದ ಎಂದು ಈ ಮಗಳಿಗೆ ತಿಳಿಸಿಕೊಡು ಎಂದು ಪ್ರಾರ್ಥಿಸಿದೆನಂತೆ. ಪರೀಕ್ಷೆಯಲ್ಲಿ ಎರಡು ಸಲ ಫೇಲಾದದ್ದನ್ನೂ ಸೇರಿಸಿದೆನಂತೆ. ಪಾಸ್ಟರಮ್ಮ ಕಣ್ಣು ತೆರೆದು ನೋಡಿದರಂತೆ, ನಿನ್ನ ಕಣ್ಣೀರು ತಟ್ಟೆಗೆ ಬೀಳುತ್ತಿತ್ತಂತೆ. ನನ್ನ ಕಣ್ಣು ಮುಚ್ಚಿತ್ತು. ಬೈದರೆ ತಿರುಗಿ ಮಾತಾಡಬಹುದು, ಪ್ರಾರ್ಥನೆಗೆ ಯಾರು ತಿರುಗಿ ಮಾತಾಡ್ತಾರೆ, ಆಮೆನ್ ಅನ್ನಲೇಬೇಕಲ್ಲ ಅಂದರು ಪಾಸ್ಟರಮ್ಮ. ಇಪ್ಪತ್ತು ವರ್ಷ ನಿನಗೆ ಹೇಳಬೇಕಾದದ್ದನ್ನೆಲ್ಲ ನಾನು ದೇವರಿಗೆ ಹೇಳಿದ ಹಾಗೆ ಮಾಡಿ ನಿನಗೆ ಹೇಳಿದೆ. ಚಿನಕುರಳಿ ಎಂದು ಹೆಸರಿಟ್ಟವಳೂ ನಾನೇ, ಆ ಬಾಯನ್ನು ಮುಚ್ಚಿಸಿದವಳೂ ನಾನೇ. ಫೋನಿನಲ್ಲಿ ನಾನು ಪ್ರಾರ್ಥನೆ ಮಾಡೋಣ್ವಾ ಎಂದ ಕೂಡಲೇ ನೀನು ಇಟ್ಟುಬಿಡುತ್ತಿದ್ದೆ, ನಂಬಿಕೆ ಬಿಟ್ಟಳು ಎಂದು ಊರಿಗೆಲ್ಲ ಹೇಳಿಕೊಂಡು ಅತ್ತೆ.

ನನ್ನನ್ನು ನಡುಗಿಸುತ್ತಿರುವುದು ಪ್ರಾರ್ಥನೆ ಸುಳ್ಳಾಯಿತು ಎಂದಲ್ಲ. ಒಂದೂ ಸುಳ್ಳಾಗಲಿಲ್ಲವಲ್ಲ ಎಂದು. ಹುಡುಗಿಯನ್ನು ಎಳೆದುಕೋ ಎಂದೆ, ಎಳೆದುಕೊಂಡ. ಯಾರೂ ತಡೆಯಬಾರದು ಎಂದೆ, ನನ್ನ ಕಾಲನ್ನೇ ಹಿಡಿದು ಕೂರಿಸಿದ. ನಿದ್ದೆ, ದನಿ, ಕೇಳಿದ್ದನ್ನೆಲ್ಲ ಅಕ್ಷರಕ್ಕೆ ಅಕ್ಷರ ನಡೆಸಿಕೊಟ್ಟ. ದೇವರು ಉತ್ತರ ಕೊಟ್ಟಾಗಲೆಲ್ಲ ನಾನು ಸೈತಾನನನ್ನು ಬೈದೆ. ಕಾಣದ ಯುದ್ಧ ಇದೆ ಎಂಬುದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಅದರಲ್ಲಿ ನಾನು ಯಾವ ಕಡೆ ನಿಂತಿದ್ದೆ ಎಂಬುದು ಗೊತ್ತಿರಲಿಲ್ಲ. ನಿನ್ನೆ ಕೆಲಸದಲ್ಲಿ ಒಬ್ಬರು ಮುದುಕರ ಸೆಟ್ಟಿಗೆ ಮೇಲಿನ ಹಲ್ಲುಗಳನ್ನು ಕೆಳಗಿನ ಅಚ್ಚಿಗೆ ಕೂರಿಸಿಬಿಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು. ಯಜಮಾನರು ನೋಡಿ, ಮನೆಗೆ ಹೋಗಿ ಮಲಗಮ್ಮಾ ಅಂದರು. ಹಿಂದಿನ ಕೋಣೆಗೆ ಹೋಗಿ ಪ್ರಾರ್ಥಿಸಲು ನೋಡಿದೆ. ಸ್ವಾಮೀ, ಆ ಹೆಂಗಸು ಎಂದೆ, ಮುಂದಕ್ಕೆ ಹೋಗಲಿಲ್ಲ. ಅಲ್ಲೇ ಮೇಣದ ಡಬ್ಬದ ಮೇಲೆ ಕೂತು ಅತ್ತೆ.

ನನ್ನನ್ನು ಕ್ಷಮಿಸು. ಎಲ್ಲ ನನ್ನದೇ ತಪ್ಪು, ನಾನು ಪಾಪಿ ಎಂದು ನಾಲ್ಕು ಪುಟ ಬರೆಯಬಲ್ಲೆ, ನಿನಗೂ ಗೊತ್ತು, ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಅದೂ ನಿನ್ನನ್ನು ಅಳಿಸಿ ಮನೆಗೆ ಎಳೆಯುವ ಇನ್ನೊಂದು ಹಗ್ಗವಾಗುತ್ತದೆ, ಅದಕ್ಕೆ ಬರೆಯುವುದಿಲ್ಲ. ಆ ದಿನ ತಟ್ಟೆಗಳ ಮುಂದೆ ನಾನು ಹೇಳಿದ್ದು ಸುಳ್ಳು. ಅವರು ಬೇಡವೆಂದದ್ದು ನಿನ್ನ ಮೋರೆ ನೋಡಿ ಅಲ್ಲ, ನನ್ನ ಮಾತು ಕೇಳಿ. ಮದುವೆಯ ದಲ್ಲಾಳಿ ಅದನ್ನು ನನ್ನ ಎದುರಿಗೇ ಹೇಳಿದ್ದ. ಗೊತ್ತಿದ್ದೂ ನಿನ್ನ ತಲೆಗೆ ಕಟ್ಟಿದೆ. ಇದನ್ನು ಪಾಸ್ಟರಮ್ಮನಿಗೂ ಹೇಳಿರಲಿಲ್ಲ, ದೇವರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಆ ಚೀಟಿ ಬರೆದವಳು ನೀನಲ್ಲದೆ ಇನ್ಯಾರು? ಬರೆದದ್ದಕ್ಕೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಮೊದಲ ದಿನ ಸ್ವಲ್ಪ ಇತ್ತು, ಈಗ ಇಲ್ಲ. ಬರೆಯುವಾಗ ನನ್ನನ್ನು ದೆವ್ವ ಎನ್ನದೆ, ಕೈ ಎತ್ತುವುದಿಲ್ಲ, ಕೆಟ್ಟ ಮಾತು ಆಡುವುದಿಲ್ಲ ಎಂದೆಯಲ್ಲ, ಅಷ್ಟಾದರೂ ಪ್ರೀತಿ ಉಳಿಸಿಕೊಂಡಿದ್ದೆಯಲ್ಲ ಎಂದು ನಿನ್ನೆ ತುಂಬ ಹೊತ್ತು ಯೋಚಿಸಿದೆ. ನಿನ್ನೆ ಊಟಕ್ಕೆ ನಿಮ್ಮಪ್ಪನಿಗೆ, ನೀವೇ ಪ್ರಾರ್ಥನೆ ಮಾಡಿ ಅಂದೆ. ಅವರು ಗಾಬರಿಯಾಗಿ ನನ್ನ ಮುಖ ನೋಡಿದರು. ಆಮೇಲೆ, ಊಟಕ್ಕೆ ಸ್ತೋತ್ರ ಸ್ವಾಮಿ, ಆಮೆನ್ ಅಂದರು. ಮದುವೆಯಾದ ಮೇಲೆ ಬಿಸಿಬಿಸಿ ಊಟ ಮಾಡಿದ್ದು ನಿನ್ನೆಯೇ ಇರಬೇಕು.

ನೀನು ಬರಲೇಬೇಕು ಎಂದು ಕೇಳುವುದಿಲ್ಲ. ಬರುವ ಮನಸ್ಸಾದರೆ ಬಾ, ಆಗದಿದ್ದರೆ ಅಲ್ಲೇ ಚೆನ್ನಾಗಿರು. ಕರ್ತನು ನಿನ್ನ ಹೋಗಿಬರುವ ದಾರಿಯನ್ನು ಕಾಯಲಿ. ಇನ್ನೂ ಎರಡು ಸಾಲು ಆಶೀರ್ವಾದ ಬರೆಯಲು ಕೈ ತುಡಿಯುತ್ತಿದೆ, ಇಲ್ಲಿಗೇ ನಿಲ್ಲಿಸುತ್ತೇನೆ. ನಿನ್ನ ಗೆಳತಿಗೂ ನನ್ನ ಕಡೆಯಿಂದ ಹೇಳು, ಅವಳು ನಿನಗಾಗಿ ಸುಳ್ಳು ಹೇಳಿದ್ದಕ್ಕೆ ನನಗೆ ಬೇಜಾರಿಲ್ಲ.

ಇಂತಿ,
ನಿನ್ನ ಅಮ್ಮ

ತಾ.ಕ.: ಕವರು ಅಂಟಿಸಿದ್ದನ್ನು ಮತ್ತೆ ಬಿಚ್ಚಿದ್ದೇನೆ, ಹರಿದಿದ್ದರೆ ಏನೂ ಅಂದುಕೊಳ್ಳಬೇಡ. ಬೈಂಡಿಂಗ್ ಕೆಲಸಕ್ಕೆ ಹೊರಟಿದ್ದ ಅಪ್ಪನ ಕೈಯಲ್ಲಿ ಕಾಗದ ಕೊಟ್ಟು, ಪೋಸ್ಟಿಗೆ ಹಾಕಿ, ಚೀಟಿ ಬರೆದದ್ದಕ್ಕೆ ಅವಳ ಮೇಲೆ ನನಗೆ ಸಿಟ್ಟಿಲ್ಲ ಅಂತ ಬರೆದಿದೀನಿ ಅಂದೆ. ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ನಿಂತರು. ಚೀಟಿ ಅವಳದಲ್ಲ ಕಣೇ, ನಾನು ಬರೆದದ್ದು ಅಂದರು. ಪಾಸ್ಟರಮ್ಮನವರು ಊಟಕ್ಕೆ ಬಂದ ಮಾರನೆಯ ದಿನ, ಬೈಂಡ್ ಮಾಡಿದ ಹಾಡಿನ ಪುಸ್ತಕಗಳನ್ನು ಕೊಡಲು ಹೋದಾಗ ಡಬ್ಬಕ್ಕೆ ಹಾಕಿದರಂತೆ. ನಾನು ಬೈಬಲಿನಲ್ಲಿ ಇಟ್ಟುಕೊಂಡಿದ್ದ ಚೀಟಿ ಓದಿ ಅದು ತಮ್ಮದೇ ಎಂದು ಆಗಲೇ ತಿಳಿಯಿತಂತೆ, ಎಂಟು ತಿಂಗಳು ಬಾಯಿ ಬಿಡಲಿಲ್ಲ. ದಿನಾ ಮಧ್ಯಾಹ್ನ ಪ್ರೆಸ್ಸಿನಲ್ಲಿ ಅವರೂ ಅದಕ್ಕಾಗಿಯೇ ಪ್ರಾರ್ಥಿಸುತ್ತಿದ್ದರಂತೆ. ನಿನಗೆ ಇದು ಗೊತ್ತಿರಲಿಕ್ಕಿಲ್ಲ ಎಂದು ಈಗ ಹೊಳೆಯುತ್ತಿದೆ. ಹೊರಟ ದಿನ ನೀನು ಮೆಟ್ಟಿಲ ಮೇಲೆ ನಿಂತು, ಇಪ್ಪತ್ತಾರು ವರ್ಷದಲ್ಲಿ ನನ್ನ ಪರವಾಗಿ ಒಂದು ಸಲ ಬಾಯಿ ತೆಗೆದಿದೀರಾ ಅಪ್ಪಾ ಎಂದು ಅವರನ್ನು ಕೇಳಿದ್ದು ನನಗೆ ಒಳಗೆ ಕೇಳಿಸಿತ್ತು. ಅವರು ಏನೂ ಹೇಳಲಿಲ್ಲ. ಅಂದಿನಿಂದ ನೀನು ಅವರ ಫೋನನ್ನಂತೂ ಎತ್ತಿಯೇ ಇಲ್ಲ. ತೆಗೆದಿದ್ದರು ಮಗಳೇ, ನೀನು ಕೇಳುವುದಕ್ಕೆ ಒಂದು ತಿಂಗಳು ಮುಂಚೆಯೇ ತೆಗೆದಿದ್ದರು. ನನಗೆ ಬರೆಯದಿದ್ದರೂ ಪರವಾಗಿಲ್ಲ, ಅವರಿಗೆ ಬರಿ. ಕವರಿನ ಮೇಲೆ ಅವರ ಹೆಸರು ಮಾತ್ರ ಇರಲಿ. ನಾನು ಒಡೆಯುವುದಿಲ್ಲ.